ಮಂಗಳನಲ್ಲಿ ಕುಡಿಯಬಹುದಾದ ನೀರು

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಎರಡು ಭಾನುವಾರಗಳಲ್ಲಿ ನಡೆದದ್ದನ್ನು ನನ್ನ ನೆನಪು ಅದಲುಬದಲು ಮಾಡಿಕೊಂಡಿದೆ ಎಂಬ ಅನುಮಾನ ನನಗಿದೆ. ಅಮ್ಮನನ್ನು ಕೇಳಿದರೆ, ಸೋದರಮಾವನ ಉಪನ್ಯಾಸದ ದಿನ ತಾನು ಸಭಾಂಗಣಕ್ಕೆ ಬಂದೇ ಇರಲಿಲ್ಲ ಅನ್ನುತ್ತಾಳೆ. ನನ್ನ ಕಣ್ಣಿಗೆ ಮಾತ್ರ ಅವಳು ಕೊನೆಯ ಸಾಲಿನಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿರುವುದು ಈಗಲೂ ಕಾಣುತ್ತದೆ. ಬಹುಶಃ ಅವಳು ಹಾಗೆ ಕೂತದ್ದು ಮನೆಯಲ್ಲಿ. ನಾನೇ ಅವಳನ್ನು ಅಲ್ಲಿಂದ ತಂದು ಸಭಾಂಗಣದಲ್ಲಿ ಕೂರಿಸಿಕೊಂಡಿದ್ದೇನೆ. ವಾಸನೆಯ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ನಮ್ಮ ಅಪಾರ್ಟ್‌ಮೆಂಟ್ ಇರುವುದು ಹೊಸಕೆರೆಹಳ್ಳಿ ಕೆರೆಗೆ ಹತ್ತಿರ. ನೆಲಮಹಡಿಯಲ್ಲಿ ಅಮ್ಮ ಮತ್ತು ನಾನು. ಅದೇ ಬ್ಲಾಕಿನ ಮೇಲಿನ ಮಹಡಿಯಲ್ಲಿ ಅಮ್ಮನ ತಮ್ಮ, ನನ್ನ ಸೋದರಮಾವ. ಲಿಫ್ಟ್ ಕೆಟ್ಟಾಗ ಮಂಡಿನೋವಿನ ಅಮ್ಮ ಹತ್ತಲಾರಳು ಎಂದು ನಾವು ಕೆಳಗಿನ ಮನೆ ಕೊಂಡೆವು. ಅವಳ ಕೋಣೆಯ ಕಿಟಕಿಯ ಕೆಳಗೇ ಒಂದು ತೆರೆದ ಮೋರಿ ಇದೆ. ಇಡೀ ಅಪಾರ್ಟ್‌ಮೆಂಟಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಿಂದ ಹೊರಬಿದ್ದದ್ದು ಆ ಮೋರಿಯಲ್ಲಿ ಹರಿದು ರಾಜಕಾಲುವೆ ಸೇರುತ್ತದೆ. ಶುದ್ಧ ಎಂಬ ಮಾತನ್ನು ಕಾಗದದ ಮೇಲೆ ಮಾತ್ರ ನಂಬಬೇಕು. ಬೂದು ಬಣ್ಣದ ನೊರೆ, ಅದರ ಮೇಲೆ ತೇಲುವ ಕೂದಲಿನ ಉಂಡೆ, ಬಿಸಿಲೇರಿದಂತೆ ಗಂಟಲಿಗೆ ಅಂಟಿಕೊಳ್ಳುವ ಕೊಳೆತ ಮೊಟ್ಟೆಯ ನಾತ. ಅಮ್ಮನಿಗೆ ಉಬ್ಬಸ. ಕೋಣೆಗೆ ಗಾಳಿ ಆಡಬೇಕು ಎಂದು ಜಯನಗರದ ಡಾಕ್ಟರು ಹೋದಾಗಲೆಲ್ಲ ಹೇಳುತ್ತಾರೆ. ಅಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ: ಕಿಟಕಿ ತೆರೆದು ಮಲಗುವುದು.

ಮಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಈಗ ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು. ಅವರನ್ನು ಗೇಲಿ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಆರಿಸಿಕೊಂಡದ್ದೇ ಅವರಿಂದ. ಬನಶಂಕರಿಯ ಹಳೆಯ ಮನೆಯ ತಾರಸಿಯ ಮೇಲೆ ನನಗೆ ಮೊದಲ ಸಲ ಶನಿಯ ಬಳೆ ತೋರಿಸಿದವರು ಅವರು. ಆ ದಿನ ನಾನು ನಿಜವಾಗಿ ಬಳೆಯನ್ನು ಕಂಡೆನೋ, ಕಂಡೆ ಎಂದು ಅವರನ್ನು ಖುಷಿಪಡಿಸಿದೆನೋ, ಅದೂ ಈಗ ಖಚಿತವಿಲ್ಲ.

ಮೊದಲ ಭಾನುವಾರ ಅವರ ಉಪನ್ಯಾಸ. ಮನುಷ್ಯ ಬೇರೆ ಲೋಕಗಳಲ್ಲಿ ನೆಲೆಸಬೇಕೇ ಎಂಬುದು ವಿಷಯ. ನೆಲೆಸಲೇಬೇಕು ಎಂಬುದು ಅವರ ಉತ್ತರ. ಅಪಾರ್ಟ್‌ಮೆಂಟಿನ ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಮಂಗಳನ ಕೆಂಪು ಮಣ್ಣು, ಗಾಜಿನ ಗುಮ್ಮಟಗಳು, ಗುಮ್ಮಟದೊಳಗೆ ಸೊಪ್ಪಿನ ಮಡಿಗಳು. ಭೂಮಿಯ ಮೇಲೆ ಏನಾದರೂ ಆದರೆ ಮನುಕುಲಕ್ಕೆ ಇನ್ನೊಂದು ಮನೆ ಇರಬೇಡವೇ ಎಂದು ಅವರು ಕೇಳಿದಾಗ ಎಲ್ಲರೂ ತಲೆಯಾಡಿಸಿದರು. ನಂತರ ನೀರಿನ ವಿಷಯ ಬಂತು.

"ಅಲ್ಲಿ ಒಂದು ಹನಿನೂ ವೇಸ್ಟ್ ಆಗಲ್ಲ," ಅಂದರು ಮಾವ. "ಬೆವರು, ಉಸಿರಿನ ತೇವ, ಮೂತ್ರ, ಎಲ್ಲಾನೂ ಶುದ್ಧ ಮಾಡಿ ಮತ್ತೆ ಕುಡೀತಾರೆ. ಅದರಲ್ಲಿ ಅಸಹ್ಯ ಏನೂ ಇಲ್ಲ. ನೀರಿಗೆ ಹಿಂದಿನ ಜನ್ಮದ ನೆನಪಿರಲ್ಲ."

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಹಾಗಾದರೆ ಬೆಳಗಿನ ಕಾಫಿಗೂ ಅದೇ ನೀರೇ ಎಂದು ಕೇಳಿದರು. ಎರಡನೇ ಲೋಟ ಕೇಳೋಕೆ ಮುಂಚೆ ಮೊದಲನೇದು ವಾಪಸ್ ಕೊಡಬೇಕು ಸಾರ್, ಎಂದರು ಮಾವ. ಜನ ಬಿದ್ದು ಬಿದ್ದು ನಕ್ಕರು. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮುಂದಿನ ಭಾನುವಾರ ಅದೇ ಸಭಾಂಗಣದಲ್ಲಿ ಅಸೋಸಿಯೇಷನ್ ಸಭೆ. ಬೇಸಿಗೆ ಶುರುವಾಗಿತ್ತು, ಬೋರ್‌ವೆಲ್ ಕೈಕೊಟ್ಟಿತ್ತು, ಟ್ಯಾಂಕರಿಗಾಗಿ ಗೇಟಿನಲ್ಲಿ ಜಗಳ ನಡೆಯುತ್ತಿತ್ತು. ಘಟಕದ ನೀರನ್ನು ಟಾಯ್ಲೆಟ್ಟಿನ ಫ್ಲಶ್‌ಗೆ ಬಳಸೋಣ ಎಂದು ನಾನು ಎದ್ದು ನಿಂತು ಹೇಳಿದೆ. ಅದಕ್ಕಾಗಿ ಬಿಲ್ಡರು ಬೇರೆಯ ಪೈಪನ್ನೇ ಹಾಕಿಕೊಟ್ಟಿದ್ದಾರೆ. ನಾವು ಇಲ್ಲಿಗೆ ಬಂದಾಗಿನಿಂದ ಅದು ಒಣಗಿಕೊಂಡು ಬಿದ್ದಿದೆ. ಆ ನೀರು ಉಪಯೋಗಕ್ಕೆ ಬಾರದ್ದರಿಂದ ಅದನ್ನು ಸರಿಯಾಗಿ ಶುದ್ಧ ಮಾಡುವ ಗರಜು ಯಾರಿಗೂ ಇರಲಿಲ್ಲ. ಕರೆಂಟ್ ಉಳಿಸಲು ಗಾಳಿ ಊದುವ ಯಂತ್ರವನ್ನು ಅರ್ಧ ದಿನ ನಿಲ್ಲಿಸುತ್ತಿದ್ದರು. ಗಾಳಿ ಇಲ್ಲದೆ ನೀರು ಕೊಳೆಯುತ್ತಿತ್ತು. ಕೊಳೆತದ್ದು ಅಮ್ಮನ ಕಿಟಕಿಯ ಕೆಳಗೆ ಹರಿಯುತ್ತಿತ್ತು. ಎಲ್ಲರ ಮನೆಗೂ ಆ ನೀರು ಬೇಕಾದರೆ ಯಂತ್ರ ದಿನವಿಡೀ ಓಡಲೇಬೇಕಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮೊದಲು ವಿರೋಧಿಸಿದವರು ನಮ್ಮ ಅತ್ತೆ, ಮಾವನ ಹೆಂಡತಿ. ದೇವರ ಕೋಣೆಯ ಗೋಡೆಗೇ ಬಚ್ಚಲು ಅಂಟಿಕೊಂಡಿದೆ. ಸ್ನಾನ ಮಾಡಿ ಮಡಿ ಉಟ್ಟು ಈಚೆ ಬರುವಾಗ ಆ ನೀರು ಸಿಡಿದರೆ ಗತಿಯೇನು ಎಂದರು. ಹಲವರು ಹೌದೆಂದರು. ಹೋಗಲಿ, ತೋಟಕ್ಕಾದರೂ ಬಿಡೋಣ ಅಂದೆ. ಆಗ ನಾನು ಎಣಿಸಿರದ ತೊಡಕೊಂದು ಬಂತು. ನಮ್ಮ ತೋಟದಲ್ಲಿ ಇರುವುದು ದಾಸವಾಳ, ನಂದಿಬಟ್ಟಲು, ಕಣಗಿಲೆ, ತುಂಬೆ. ಬೆಳಕು ಹರಿಯುವ ಮುಂಚೆ ಪ್ಲಾಸ್ಟಿಕ್ ಕವರ್ ಹಿಡಿದು ಬಂದು ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದ ಹಾಗೆ ಎಲ್ಲರೂ ಕಿತ್ತುಕೊಂಡು ಹೋಗುವುದು ಪೂಜೆಗೆ.

ಕಾಫಿಯ ಪ್ರಶ್ನೆ ಕೇಳಿದ್ದ ಅದೇ ಬ್ಯಾಂಕ್ ಮ್ಯಾನೇಜರ್ ಈಗ ನಗಲಿಲ್ಲ. "ಯಾರ ಮನೇದೋ ಏನೋ. ಅದರಲ್ಲಿ ಬೆಳೆದ ಹೂವನ್ನ ದೇವರ ತಲೆ ಮೇಲೆ ಇಡೋಕಾಗುತ್ತಾ ಮೇಡಂ?"

ನಾನು ಮಾವನ ಮುಖ ನೋಡಿದೆ. ನೀರಿಗೆ ಹಿಂದಿನ ಜನ್ಮದ ನೆನಪಿರುವುದಿಲ್ಲ ಎಂದು ಅವರು ಈಗ ಹೇಳಬೇಕಿತ್ತು. ಅವರು ಕನ್ನಡಕ ಒರೆಸಿಕೊಂಡು, ಬಹುಮತದ ಅಭಿಪ್ರಾಯಕ್ಕೆ ಗೌರವ ಕೊಡೋಣ, ಮುಂದಿನ ವಿಷಯ ಪಾರ್ಕಿಂಗ್ ಎಂದರು. ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಅವರನ್ನು ತಡೆದು, ಹೋದ ವಾರ ಕುಡಿಯಬಹುದಾಗಿದ್ದ ನೀರು ಈ ವಾರ ಕಕ್ಕಸಿಗೂ ಯಾಕೆ ಆಗಲಿಲ್ಲ ಎಂದು ಕೇಳಿದೆ.

"ಅಲ್ಲಿ ಬೇರೆ ಗತಿ ಇಲ್ಲ ಕಣೇ," ಅಂದರು. "ಇಲ್ಲಿ ಇದೆಯಲ್ಲ."

ನನಗೆ ಅಲ್ಲೇ ಅಸಹ್ಯವಾಯಿತು. ಮೋರಿಯ ನಾತಕ್ಕೂ ಅಷ್ಟು ಆಗಿರಲಿಲ್ಲ. ಎರಡು ಭಾನುವಾರಗಳ ನಡುವೆ ಯಾರಿಗೂ ಏನೂ ತೊಡರಲಿಲ್ಲವಲ್ಲ, ಆ ನಿರಾಳಕ್ಕೆ ಹಾಗಾಯಿತು.

ಮನೆಗೆ ಬಂದು ಅಮ್ಮನ ಮುಂದೆ ಕೂಗಾಡಿದೆ. ಅವಳು ನನ್ನ ಪಕ್ಷ ಎಂದುಕೊಂಡಿದ್ದೆ. ಮುಚ್ಚಿದ ಕಿಟಕಿಗೆ ಬೆನ್ನು ಕೊಟ್ಟು, ಬತ್ತಿ ಹೊಸೆಯುತ್ತಾ ಕೂತಿದ್ದಳು. ಮಾತಿನ ನಡುವೆ ಕೆಮ್ಮಿಗಾಗಿ ನಿಲ್ಲಿಸುತ್ತಾ ಅಂದಳು: "ನಂಗೂ ಮನಸ್ಸು ಒಪ್ಪಲ್ಲ ಕಣೇ. ಆ ಹೂವನ್ನ ಹೇಗೆ ಇಡೋದು? ಕಿಟಕಿ ಮುಚ್ಕೊಂಡೇ ಇರ್ತೀನಿ ಬಿಡು. ಸಭೇಲಿ ನನ್ನ ತಮ್ಮನ ಮರ್ಯಾದೆ ತೆಗೀಬೇಡ."

ಆಮೇಲೆ ಅಸಹ್ಯವನ್ನು ಯಾರ ಮೇಲೆ ಹೊರಿಸುವುದೋ ಗೊತ್ತಾಗಲಿಲ್ಲ. ನನ್ನ ಮೂಗು ಸಿಂಡರಿಸುವುದಕ್ಕೂ ಅತ್ತೆ ಮೂಗು ಸಿಂಡರಿಸುವುದಕ್ಕೂ ಇರುವ ದೂರ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಕೊಳೆಯಿಂದ ತಾನು ಬೇರೆ ಎಂದು ಸಾರಿಕೊಳ್ಳುವ ಚಟ ನನಗೂ ಇದೆ. ಈ ಬರಹವೂ ಅದರ ಒಂದು ರೂಪ ಇರಬಹುದು. ಆದರೂ ಒಂದು ಮಾತು ಬಿಟ್ಟುಕೊಡಲಾರೆ. ಬೇರೆ ಲೋಕದಲ್ಲಿ ಮನೆ ಕಟ್ಟಬಾರದು ಎಂಬ ನಿಲುವಿಗೆ ನಾನು ಬಂದದ್ದು ರಾಕೆಟ್ಟಿನ ಕಷ್ಟ ನೋಡಿ ಅಲ್ಲ, ವಿಕಿರಣದ ಭಯದಿಂದಲೂ ಅಲ್ಲ. ಕಲಿತ ಜನ, ಅದನ್ನೆಲ್ಲ ಪರಿಹರಿಸಿಕೊಳ್ಳುತ್ತಾರೆ. ಕೊಳೆ ಚೆಲ್ಲಲು ಅಲ್ಲಿ ಹೊರಗೆ ಎಂಬುದೇ ಇಲ್ಲ, ಹಾಗಾಗಿ ಮನುಷ್ಯ ಬದಲಾಗುತ್ತಾನೆ ಎಂದು ಮಾವ ನಂಬಿದ್ದಾರೆ. ನನಗನ್ನಿಸುವುದು ಬೇರೆ. ಗುಮ್ಮಟದೊಳಗೂ ಒಂದು ಹೊರಗನ್ನು ನಾವು ಮಾಡಿಕೊಳ್ಳುತ್ತೇವೆ. ಮೆಟ್ಟಿಲು ಹತ್ತಲಾರದ ಯಾರನ್ನೋ ಅಲ್ಲಿ ಕೂರಿಸುತ್ತೇವೆ. ಅವರೂ ಬೇಸರಿಸಿಕೊಳ್ಳದೆ ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಮಾವ ಕೆಳಗೆ ಬಂದರು. ಮುಂದಿನ ಉಪನ್ಯಾಸಕ್ಕೆಂದು ತಾವೇ ಬರೆದ ಮಂಗಳನ ಊರಿನ ನಕ್ಷೆಯನ್ನು ಅಕ್ಕನಿಗೆ ತೋರಿಸಬೇಕಿತ್ತು. ಅಮ್ಮನ ಮಂಚದ ಮೇಲೆಯೇ ಹರಡಿದರು. ಚೆನ್ನಾಗಿ ಬರೆದಿದ್ದರು, ಕೈ ಇನ್ನೂ ನಡುಗುವುದಿಲ್ಲ. ಮನೆಗಳ ವೃತ್ತ, ಶಾಲೆ, ಆಸ್ಪತ್ರೆ, ಗ್ರಂಥಾಲಯ, ನಡುವೆ ತೋಟ, ತೋಟದ ಪಕ್ಕ ಧ್ಯಾನಮಂದಿರ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಬೆರಳಿಟ್ಟು ನೋಡಿದಳು. ಕೋಣೆ ಉಸಿರುಗಟ್ಟುವಷ್ಟು ಬೆಚ್ಚಗಿತ್ತು. ಕಿಟಕಿಯ ಸಂದಿಗೆ ತುರುಕಿದ್ದ ಹಳೆಯ ಟವಲ್ಲಿನ ಮೂಲಕವೂ ನಾತ ಒಳಗೆ ಬರುತ್ತಿತ್ತು. ಮಾವ ಅದನ್ನು ಗಮನಿಸಿದರು, ಬಾಯಲ್ಲಿ ಉಸಿರಾಡುತ್ತಿದ್ದರು. ಅಮ್ಮನಿಗೆ ಕೆಮ್ಮು ಹತ್ತಿ, ಇನ್‌ಹೇಲರ್ ಎಳೆದುಕೊಂಡು ಸುಧಾರಿಸಿಕೊಳ್ಳುವವರೆಗೆ ಅವರು ನಕ್ಷೆಯ ಮೂಲೆಯನ್ನು ಸರಿಪಡಿಸುತ್ತಾ ಕಾದರು. "ಚೆನ್ನಾಗಿದೆ ಕಣೋ," ಅಂದಳು ಅಮ್ಮ, ಉಸಿರು ಬಂದ ಮೇಲೆ.

ಆಗ ನಾನು ಕೇಳಿದೆ. ದನಿ ಎತ್ತಲಿಲ್ಲ ಎಂದೇ ನೆನಪು. ಎತ್ತಿದ್ದೆ ಎನ್ನುತ್ತಾಳೆ ಅಮ್ಮ. ಮಾವ ಈಗಲೂ ಕೆಳಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮೆಟ್ರೋದಿಂದ ಹಿಡಿದು ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ, ನಾನು ಅಂದು ಕೇಳಿದ ಈ ಪ್ರಶ್ನೆಯೊಂದನ್ನು ಬಿಟ್ಟು.

"ಮಾವ, ಈ ಊರಲ್ಲೂ ಕೊಳೆ ಎಲ್ಲೋ ಒಂದು ಕಡೆ ಹರೀಲೇಬೇಕಲ್ಲ. ಅದರ ಪಕ್ಕದ ಮನೇನ ಯಾರಿಗೆ ಕೊಡ್ತೀರಿ?"