ಮಲ್ಲಾಜಮ್ಮ ಬಟನ್ ಒತ್ತಿದ್ದು

ಹರದನಹಳ್ಳಿಯ ಮಲ್ಲಾಜಮ್ಮನ ಬಾಯಲ್ಲಿ ‘ಹೂಂ’ ಅನ್ನಿಸುವುದು ಕಷ್ಟ. ಅಂದ ಹೂಂ ಹೂಂ ಆಗಿಯೇ ಉಳಿಯುವುದು ಇನ್ನೂ ಕಷ್ಟ. ಇನ್ನೊಂದು ಮುದ್ದೆ ಹಾಕಲೇ ಅಂದರೆ ಬೇಡ. ಸರಿ ಅಂತ ಪಾತ್ರೆ ಎತ್ತಿಟ್ಟರೆ, ‘ಯಾಕೆ, ನಾನು ಉಪಾಸ ಸಾಯ್ಲಾ?’ ಇಂಥ ಅಜ್ಜಿಯ ಪಕ್ಕ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು ಮೊಮ್ಮಗಳು ಶಿವರಂಜಿನಿ. ಈಗ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಬಸ್ಸಿನಲ್ಲಿ ಒಬ್ಬಳೇ ನಗುವ ಹುಡುಗಿ ಎಂದು ಕಂಡಕ್ಟರುಗಳಿಗೆಲ್ಲ ಪರಿಚಯ.

ಒಂದು ದಿನ ಲ್ಯಾಬಿನಲ್ಲಿ ದಿಲೀಪ್ ಸರ್ ಒಂದು ಚಿಪ್ ಎತ್ತಿ ತೋರಿಸಿದರು. “ಇದರ ಹೆಸರು ಫ್ಲಿಪ್‌ಫ್ಲಾಪ್. ಇದಕ್ಕೆ ಎರಡು ಬಾಯಿ. ಒಂದು ಹೂಂ ಅಂದ್ರೆ ಇನ್ನೊಂದು ಊಹೂಂ ಅನ್ನುತ್ತೆ. ಆ ಎರಡನೇ ಬಾಯಿಂದ ಒಂದು ತಂತಿ ಎಳೆದು ಇದರದ್ದೇ ಕಿವಿಗೆ ಕೊಟ್ಟುಬಿಡಿ. ಆಮೇಲೆ ಬಟನ್ ಒತ್ತಿದಾಗಲೆಲ್ಲ ತಾನು ಹಿಂದೆ ಆಡಿದ ಮಾತನ್ನ ತಾನೇ ತಿರುಗಿಸುತ್ತೆ.”

“ಸರ್, ಇದು ನಮ್ಮಜ್ಜಿ ಸರ್!” ಎಂದುಬಿಟ್ಟಳು ಶಿವರಂಜಿನಿ. ಇಡೀ ಲ್ಯಾಬು ಬಿದ್ದು ಬಿದ್ದು ನಕ್ಕಿತು. ಸರ್ ಕೂಡ ನಕ್ಕು, “ಹಾಗಾದರೆ ನಿಮ್ಮಜ್ಜಿಯನ್ನ ನೀನೇ ಕಟ್ಟಿಕೊಂಡು ಬಾ” ಎಂದು ಚಿಪ್ಪು, ಬೋರ್ಡು, ಬಟನ್, ಒಂದು ಕೆಂಪು ದೀಪ ಎಲ್ಲ ಇದ್ದ ಕಿಟ್ಟು ಕೊಟ್ಟು ಕಳಿಸಿದರು.

ನಗುವ ಹುಡುಗಿಗೂ ಒಂದು ಸಂಕಟವಿತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ಕತ್ತಲೆ, ಬಣ್ಣ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಮೊಮ್ಮಗಳನ್ನು ಬಳೆಯ ಸದ್ದಿನಿಂದ ಗುರುತಿಸುವುದು ಶುರುವಾಗಿ ವರ್ಷಗಳೇ ಆಗಿದ್ದವು. ಸೋಮವಾರ ಗುಂಡ್ಲುಪೇಟೆಯಲ್ಲಿ ಕಣ್ಣಿನ ಕ್ಯಾಂಪು. ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಲ್ಲೆ.

ಇದಕ್ಕೆ ಕಾರಣ ಎದುರುಮನೆ ಗುರುಮಲ್ಲಮ್ಮ. ಆಕೆ ಹೋದ ಸಲದ ಕ್ಯಾಂಪಿನಲ್ಲಿ ಕಣ್ಣು ಮಾಡಿಸಿಕೊಂಡು ಕಪ್ಪು ಕನ್ನಡಕ ಏರಿಸಿಕೊಂಡು ಬಂದು, ಮಲ್ಲಾಜಮ್ಮ ಆರಿಸಿಟ್ಟ ಅಕ್ಕಿಯಲ್ಲಿ ಎಲ್ಲರೆದುರಿಗೆ ಕಲ್ಲು ತೋರಿಸಿಕೊಟ್ಟಳು. ಮಲ್ಲಾಜಮ್ಮನ ಪಿತ್ತ ನೆತ್ತಿಗೇರಿತು. “ಮಾರಮ್ಮ ಹೂ ಕೊಡಗಂಟ ನನ್ ಕಣ್ಗೆ ಯಾವ ಡಾಕ್ಟ್ರೂ ಕೈ ಆಕಂಗಿಲ್ಲ” ಎಂದು ಬೀದಿಯಲ್ಲಿ ಆಣೆ ಇಟ್ಟುಬಿಟ್ಟಳು. ಆಮೇಲೆ ಗುಡಿಗೂ ಹೋದಳು. ಅಮ್ಮನ ನೆತ್ತಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಆದರೆ ಪೂಜಾರಿ ಗುಡ್ಡಪ್ಪ ಗಂಧವನ್ನು ಎಷ್ಟು ಗಟ್ಟಿಯಾಗಿ ಮೆತ್ತಿದ್ದನೋ, ಹೂ ಎತ್ತಲೂ ಬೀಳದೆ ಅಮ್ಮನ ನೆತ್ತಿಯ ಮೇಲೆ ಒಣಗಿಯೇ ಹೋಯಿತು.

ಶನಿವಾರ ಶಿವರಂಜಿನಿ ಜಗುಲಿಯಲ್ಲಿ ಕೂತು ಸರ್ಕ್ಯೂಟು ಕಟ್ಟಿದಳು. ಬಟನ್ ಒತ್ತಿದಳು, ದೀಪ ಹತ್ತಿತು. ಒತ್ತಿದಳು, ಆರಿತು. ಕುಣಿದಾಡಿದಳು. ಇನ್ನೊಮ್ಮೆ ಒತ್ತಿದರೆ ಹತ್ತಲೇ ಇಲ್ಲ! ಮತ್ತೊಮ್ಮೆ ಒತ್ತಿದರೆ ಹತ್ತಿತು, ಮುಂದಿನ ಸಲ ಹತ್ತಿದ್ದು ಹತ್ತಿಯೇ ಇತ್ತು. ದೀಪಕ್ಕೆ ಹುಚ್ಚು ಹಿಡಿದಿತ್ತು.

“ಅದೇನಮ್ಮಿ ಅದು, ಕೆಂಪುಗೆ?” ಅಂದಳು ಅಜ್ಜಿ.

“ದೀಪ ಕಣಜ್ಜಿ. ಹತ್ತದೋ ಇಲ್ವೋ, ಅದ್ರಿಷ್ಟ.”

“ಅಂಗಾದ್ರೆ ಅಮ್ಮನ್ ಹೂವಂಗೇ ಅನ್ನು. ತತ್ತಾ ಇಲ್ಲಿ.”

ಅಜ್ಜಿ ಕಣ್ಣು ಮುಚ್ಚಿ, ಇವತ್ತು ಮಳೆ ಬರುತ್ತದೆಯೇ ಎಂದು ಕೇಳಿ ಒತ್ತಿದಳು. ಹತ್ತಿತು. ಮಧ್ಯಾಹ್ನ ನಾಲ್ಕು ಹನಿ ಉದುರಿಯೂ ಬಿಟ್ಟಿತು. ಇನ್ನು ಕೇಳಬೇಕೇ! ಸಂಜೆಯ ಹೊತ್ತಿಗೆ ಜಗುಲಿಯ ತುಂಬ ಹೆಂಗಸರು. ಎಮ್ಮೆ ಗಬ್ಬ ನಿಂತಿದೆಯಾ, ನಾದಿನಿ ಹಬ್ಬಕ್ಕೆ ಬಂದು ವಕ್ಕರಿಸುತ್ತಾಳಾ ಎಂದು ಒಬ್ಬೊಬ್ಬರೂ ಒತ್ತಿದ್ದೇ ಒತ್ತಿದ್ದು. ನಾದಿನಿ ಬರುವುದಿಲ್ಲ ಎಂದು ದೀಪ ಹೇಳಿದಾಗಿನ ಕೇಕೆ ಊರ ಬಾಗಿಲಿಗೆ ಕೇಳಿಸಿರಬೇಕು. ಶಿವರಂಜಿನಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಆಗ ಗುರುಮಲ್ಲಮ್ಮ ಕನ್ನಡಕ ಸರಿಮಾಡಿಕೊಂಡಳು. “ಎಲ್ರುದೂ ಆಯ್ತು. ನಿನ್ ಕಣ್ಣಿಂದು ಯಾವಾಗ ಕೇಳೀಯೆ ಮಲ್ಲಾಜಕ್ಕ?”

ಎಲ್ಲರೂ ಮಲ್ಲಾಜಮ್ಮನ ಕಡೆ ತಿರುಗಿದರು.

“ನಾಳೀಕೆ ತಲೆಗ್ ನೀರಾಕಂದು ಕೇಳ್ತೀನಿ” ಎಂದಳು ಮಲ್ಲಾಜಮ್ಮ. “ಹತ್ತುದ್ರೆ ಸೋಮಾರ ಓಯ್ತೀನಿ. ಹತ್ನಿಲ್ವಾ, ಈ ಜನ್ಮದಲ್ಲಿ ನಂಗೆ ಕಣ್ಣಿನ್ ಮಾತು ಯಾರೂ ಆಡ್ಕೂಡ್ದು.”

ಶಿವರಂಜಿನಿ ನಗುವುದನ್ನು ಬಿಟ್ಟು ಎದ್ದಳು. ಅಜ್ಜಿಯ ಕಣ್ಣು ಈಗ ಒಂದು ಹುಚ್ಚು ಬಟನ್ನಿನ ಕೈಯಲ್ಲಿ! ದಿಲೀಪ್ ಸರ್‌ಗೆ ಫೋನ್ ಮಾಡಿದಳು.

“ತಪ್ಪು ಚಿಪ್ಪಿನದಲ್ಲ, ಬಟನ್ನಿನದು” ಅಂದರು ಸರ್. “ನೀನು ಒಂದು ಸಲ ಒತ್ತಿದರೂ ಒಳಗಿನ ತಗಡು ನೆಲಕ್ಕೆ ಬಿದ್ದ ಕಡಲೆಕಾಳಿನ ಹಾಗೆ ಪಟಪಟ ಪುಟಿಯುತ್ತೆ. ಚಿಪ್ಪು ಒಂದೊಂದು ಪುಟಿತವನ್ನೂ ಒಂದೊಂದು ಒತ್ತು ಅಂದುಕೊಳ್ಳುತ್ತೆ. ಕಿಟ್ಟಿನಲ್ಲಿ ಇನ್ನೊಂದು ಚಿಪ್ಪು, ಒಂದು ಕೆಪಾಸಿಟರ್ ಇದೆ ನೋಡು. ಅವೆರಡನ್ನೂ ನಡುವೆ ಹಾಕು, ಪುಟಿತವನ್ನೆಲ್ಲ ನುಂಗಿಕೊಳ್ಳುತ್ತವೆ.”

ಹೆಂಗಸರೆಲ್ಲ ಹೋಗಿದ್ದರು, ಅಜ್ಜಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಶಿವರಂಜಿನಿ ಎರಡನ್ನೂ ಸಿಕ್ಕಿಸಿ ಒತ್ತಿ ನೋಡಿದಳು. “ಆನ್. ಆಫ್. ಆನ್. ಆಫ್.” ಒಂದು ಸಲವೂ ತಪ್ಪಲಿಲ್ಲ! ಆರಿಸಿಟ್ಟು ಕೊಟ್ಟರೆ ಮೊದಲ ಒತ್ತಿಗೆ ಹತ್ತಲೇಬೇಕು. ಆ ಖುಷಿಯ ಹಿಂದೆಯೇ, ಅಮ್ಮನ ಹೂವಿನಲ್ಲಿ ಮೋಸ ಮಾಡುತ್ತಿದ್ದೇನಲ್ಲ ಎಂಬ ಅಳುಕು. “ತಪ್ಪಾಯ್ತು ಕಣವ್ವ. ನೀನಾದ್ರೂ ಬೇಗ ಬೀಳಿಸ್ಬಾರ್ದಿತ್ತಾ” ಎಂದು ಗುಡಿಯ ದಿಕ್ಕಿಗೆ ಕೈಮುಗಿದಳು.

ಭಾನುವಾರ ಬೆಳಿಗ್ಗೆ ಬೀದಿಯೇ ಬಂದಿತ್ತು. ಮಲ್ಲಾಜಮ್ಮ ಒದ್ದೆ ಕೂದಲಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು ಕೂತು ಒತ್ತಿದಳು. ಹತ್ತಿತು! ಶಿವರಂಜಿನಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು.

“ಸುಮ್ನಿರಿ” ಅಂದಳು ಅಜ್ಜಿ. “ಒಂದ್ಸಲ ಕೇಳ್ಬುಟ್ರೆ ಆಯ್ತಾ? ಅಮ್ಮನ್ನ ಮೂರ್ ಸಲ ಕೇಳ್ಬೇಕು. ಕೊನೇದೇ ಮಾತು.”

ಒತ್ತಿದಳು. ಆರಿಹೋಯಿತು. ಗುರುಮಲ್ಲಮ್ಮ ಲೊಚಗುಟ್ಟಿದಳು. ಶಿವರಂಜಿನಿ ದೀಪದ ಕಡೆ ಬಗ್ಗಿದಳು. ಕಟ್ಟಿದವಳು ತಾನೇ, ಮುಂದೇನಾಗುತ್ತದೆ ಎಂದು ಗೊತ್ತಿರಬೇಕಾದವಳೂ ತಾನೇ. ಆದರೂ ಆ ಗಳಿಗೆಯಲ್ಲಿ ಓದಿದ್ದೆಲ್ಲ ಮರೆತು, ಕಣ್ಣು ಮುಚ್ಚಿ ಮಾರಮ್ಮನನ್ನು ನೆನೆದಳು. ಕೇಕೆ ಕೇಳಿ ಕಣ್ಣು ಬಿಟ್ಟರೆ ದೀಪ ಕೆಂಪಗೆ ಉರಿಯುತ್ತಿತ್ತು, ಅಜ್ಜಿ ಗುರುಮಲ್ಲಮ್ಮನಿಗೆ ಹೇಳುತ್ತಿದ್ದಳು: “ನೀನ್ ಏಳ್ದೆ ಅಂತ ಅಲ್ಲ ಕಣೆ. ಅಮ್ಮ ಏಳುದ್ಲು, ಓಯ್ತೀನಿ.”

ಸೋಮವಾರ ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೂ ಅಜ್ಜಿ ಮೊಮ್ಮಗಳ ಕೈ ಬಿಡಲಿಲ್ಲ. ಮೊದಲು ಬಲಗಣ್ಣು ಮಾಡಿದರು. ಮನೆಗೆ ಬಂದ ಮೇಲೂ ಡಾಕ್ಟರು ಹೇಳಿದಂತೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಅಜ್ಜಿ ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು.

“ಅವತ್ತು ಸಂಜೆ ಸಿಕ್ಸಿದ್ದು ಯಾವ್ದಮ್ಮಿ, ಈ ಡಬ್ಬಿಯಂಗಿರದಾ?”

ಶಿವರಂಜಿನಿ ತಬ್ಬಿಬ್ಬಾದಳು. “ನೀನು ತೂಕಡಿಸ್ತಿದ್ದೆ ತಾನೆ?”

“ಮಸುಕಾಗಿದ್ದು ಕಣ್ಣು. ಕಿವಿಯಾ? ಆನು, ಆಫು, ಆನು ಅಂತ ಒದರ್ತಾ ಕೂತಿದ್ದೆ. ಒಂದೇ ಸಲ ಒತ್ತಿ ಹತ್ಬುಟ್ರೆ ಗುರುಮಲ್ಲಿ ಮೋಸ ಅಂತಾಳೆ. ಎಲ್ಡು ಸಲ ಅಂದ್ರೆ ಆರೋಯ್ತದೆ. ಅದ್ಕೇ ಮೂರಂದೆ.”

ಶಿವರಂಜಿನಿಗೆ ನಗು ಉಕ್ಕಿ ಉಕ್ಕಿ ಬಂತು. ಜಗುಲಿಯ ಮೇಲೆ ಉರುಳಾಡಿ ನಕ್ಕಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ, ಆಣೆಯೂ ಉಳಿಯಿತು! ಕಣ್ಣೊರೆಸಿಕೊಂಡು ಕೇಳಿದಳು: “ಓಗಕ್ಕೆ ಇಷ್ಟ ಇತ್ತಲ್ಲಾ, ಮತ್ಯಾಕಜ್ಜಿ ಅಷ್ಟು ಕಾಡ್ದೆ?”

ಅಜ್ಜಿ ಬೋರ್ಡು ಪಕ್ಕಕ್ಕಿಟ್ಟು, ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ತುಂಬ ಹೊತ್ತು ನೋಡಿದಳು.

“ಭಯ ಆಯ್ತಿತ್ತು ಕಣವ್ವ” ಅಂದಳು. “ಸುಮ್ನೆ ಕೂತ್ಕ, ಅಲ್ಲಾಡ್ಬೇಡ. ನೀನು ಇಷ್ಟು ದೊಡ್ಡೋಳಾಗಿದ್ದೀಯ ಅಂತ ನಂಗೆ ಯಾರೂ ಏಳ್ಳೇ ಇಲ್ಲ.”