ಅಪ್ಪನ ಅಂಗಿಗೆ ಕೊಟ್ಟ ಕುರ್ಚಿ

ಸಂಡೂರು ರಸ್ತೆಗೆ ಹೊಂದಿಕೊಂಡ ನಮ್ಮ ಓಣಿಯಲ್ಲಿ ಆಗ ಬಿಳಿ ಬಟ್ಟೆ ಎಂಬುದೇ ಇರಲಿಲ್ಲ. ಅವ್ವ ಒಗೆದು ಹರವಿದ್ದು ಒಣಗುವಷ್ಟರಲ್ಲಿ ಅದಿರು ಲಾರಿಗಳ ಧೂಳು ಕೂತು ಕೆಂಪಾಗುತ್ತಿತ್ತು. ಕಟ್ಟೆಯ ತುಳಸಿ ಕೆಂಪು, ಕುಂಟಾಬಿಲ್ಲೆ ಆಡಿ ಬಂದ ನಮ್ಮ ಪಾದ ಕೆಂಪು. ಹೊಸಪೇಟೆಗೆ ಬಂಗಾರದ ಕಾಲ ಬಂತು ಎಂದು ದೊಡ್ಡವರು ಹೇಳುತ್ತಿದ್ದರು. ಬಂದಿತ್ತೇನೋ, ನಮ್ಮ ಓಣಿಗೆ ಮಾತ್ರ ತಿರುಗಲಿಲ್ಲ. ನಮ್ಮ ಮನೆಗೆ ಬಂದದ್ದು ಸಾರಾಯಿ ಪಾಕೀಟು.

ಅಪ್ಪ ಟಿಪ್ಪರ್ ಓಡಿಸುತ್ತಿದ್ದ. ಕುಡಿಯದ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಿಸುತ್ತಿದ್ದ. ಕುಡಿದ ದಿನ ಅವ್ವನ ಜಡೆಗೆ ಕೈ ಹಾಕುತ್ತಿದ್ದ. ಮಿರ್ಚಿಯ ದಿನಗಳು ಕಡಿಮೆಯಾಗುತ್ತಾ ಬಂದಿದ್ದವು. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು, ಅವನ ಕೊರಳಿಗೆ ತುಳಸಿ ಮಾಲೆ ಹಾಕಿಸಿದಳು. ಅವನು ಮಾಲೆಯನ್ನು ಭಕ್ತಿಯಿಂದ ಗೂಟಕ್ಕೆ ತೂಗುಹಾಕಿ ಕುಡಿಯಲು ಹೋಗುತ್ತಿದ್ದ.

ಮಿರ್ಚಿ ಅಂಗಡಿಯ ಬಸಣ್ಣ ಹಿಂದೆ ಅಪ್ಪನಿಗಿಂತ ದೊಡ್ಡ ಕುಡುಕ. ಈಗ ಬಿಟ್ಟು ಮನುಷ್ಯನಾಗಿದ್ದ. ಅವ್ವ ಅವನನ್ನೇ ಕೇಳಿದಳು.

“ಯಾವ ದೇವ್ರಿಗೆ ನಡಕೊಂಡಿ ಬಸಣ್ಣ?”

“ದೇವ್ರಲ್ಲಕ್ಕ, ಮೀಟಿಂಗ್. ಬಸ್ ಸ್ಟ್ಯಾಂಡ್ ಹಿಂದ ಒಂದು ರೂಮ್ ಐತಿ. ಐತಾರ ಸಂಜಿಮುಂದ ಕುಡಿಯೋದು ಬಿಟ್ಟೋರೆಲ್ಲ ಕುಂತು ಮಾತಾಡ್ತೀವಿ.”

“ಔಷಧ ಏನೂ ಕೊಡಂಗಿಲ್ಲೇನು?”

“ಇಲ್ಲ. ಬರೇ ಮಾತು.”

ಅಪ್ಪ ಬರಲು ಒಪ್ಪಲಿಲ್ಲ. ನಮ್ಮ ಕಡೆ ದೇವರ ಹೇಳಿಕೆ ಕೇಳಲು ಹೋಗುವಾಗ, ಬರಲಾಗದವರ ಮೈಮೇಲಿನ ಅಂಗಿ ಒಯ್ಯುವ ರೂಢಿ. ಅವ್ವನಿಗೆ ಮೀಟಿಂಗೂ ಅಂಥದ್ದೇ ಎನಿಸಿತು. ಅಪ್ಪ ಬಿಚ್ಚಿ ಎಸೆದಿದ್ದ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು, ಮೇಲೊಂದು ತೆಂಗಿನಕಾಯಿ ಇಟ್ಟು, ನನ್ನ ಕೈ ಹಿಡಿದು ಹೊರಟಳು.

ರೂಮಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಚಹಾದ ವಾಸನೆ, ಐದಾರು ಗಂಡಸರು. ಅವ್ವ ಅಂಗಿ ಮುಂದಿಟ್ಟು, “ನಮ್ಮ ಮನಿಯೋರು ಬಂದಿಲ್ರಿ, ಅವರ ಅಂಗಿ ತಂದೀನಿ” ಎಂದಳು. ನನಗೆ ನಾಚಿಕೆಯಿಂದ ಸತ್ತೇಹೋಗುವಂತಾಯಿತು. ಆದರೆ ಯಾರೂ ನಗಲಿಲ್ಲ. ಬಿಳಿ ಮೀಸೆಯ ಹಿರಿಯರೊಬ್ಬರು ಎದ್ದು ಒಂದು ಖಾಲಿ ಕುರ್ಚಿ ಎಳೆದು, ಅಂಗಿಯನ್ನು ಅದರ ಬೆನ್ನಿಗೆ ಹಾಕಿದರು.

“ಕಾಯಿ ನೀವೇ ಒಯ್ರಿ ತಂಗಿ. ಕುರ್ಚಿ ಅವರಿಗೆ ಇಟ್ಟಿರ್ತೀವಿ, ಬರಾಕ ಹೇಳ್ರಿ.”

ಮನೆಗೆ ಬಂದು ನಾನೇ ಅಪ್ಪನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವ್ವ ವಾಪಸು ತಂದಿದ್ದ ಅಂಗಿಯನ್ನು ಅವನು ಕೈಗೆತ್ತಿಕೊಂಡ.

“ನನ್ನ ಅಂಗಿಗೆ ಕುರ್ಚಿ ಕೊಟ್ರಾ?” ಎಂದ. ಲಾರಿ ಮಾಲೀಕರ ಮನೆಯಲ್ಲಿ ಅವನು ಯಾವತ್ತೂ ಮೆಟ್ಟಿಲ ಕೆಳಗೆ ನಿಲ್ಲುವವನು. “ಬರೋ ಐತಾರ ನೋಡೂನು ಬಿಡು.”

ಆ ವಾರ ಅವ್ವ ಅಂಗಿಯನ್ನು ಒಗೆದು, ಧೂಳು ಕೂರದಂತೆ ಮನೆಯೊಳಗೇ ಒಣಗಿಸಿದಳು. ಬಸಣ್ಣ ಮದುವೆಗೆಂದು ಕಂಪ್ಲಿಗೆ ಹೋಗಿದ್ದ, ದಾರಿ ನಮಗೆ ಗೊತ್ತೇ ಇತ್ತಲ್ಲ. ಐತಾರ ಅಪ್ಪ ಬೆಳಗ್ಗೆಯಿಂದ ಕುಡಿದಿರಲಿಲ್ಲ. ಕೈಗಳು ನಡುಗುತ್ತಿದ್ದವು, ಗುಂಡಿಗಳನ್ನು ಅವ್ವ ಹಾಕಿದಳು. ಮೂವರೂ ಹೋದೆವು.

ರೂಮಿನ ಬಾಗಿಲಿಗೆ ಹೊಸ ಬಣ್ಣ ಬಳಿದಿತ್ತು. ಮೇಲೆ ಟ್ರಾನ್ಸ್‌ಪೋರ್ಟ್ ಆಫೀಸು ಎಂಬ ಬೋರ್ಡು. ಗಣಿಯವರು ಹೆಚ್ಚು ಬಾಡಿಗೆ ಕೊಡುತ್ತಾರೆಂದು ಮನೆ ಮಾಲೀಕ ವಾರದೊಳಗೆ ಮೀಟಿಂಗಿನವರನ್ನು ಎಬ್ಬಿಸಿದ್ದ. ಒಳಗೆ ಕೂತವನು ಅಪ್ಪನನ್ನು ಗುರುತು ಹಿಡಿದ.

“ಏ ಡ್ರೈವರ್ರೇ, ಸರಿಯಾದ ಟೈಮಿಗೆ ಬಂದ್ರಿ ನೋಡ್ರಿ. ಗಾಡಿ ಲೋಡಾಗಿ ನಿಂತೈತಿ. ಬರ್ರಿ, ಕುಂದ್ರಿ.”

ಅಪ್ಪನ ಮುಂದೆ ಕುರ್ಚಿ ಎಳೆದ.

“ಇದಲ್ರೀ ನಮಗ ಬೇಕಾದ ಜಾಗ, ಬರ್ರಿ ಹೋಗೂನು” ಎಂದು ಅವ್ವ ತೋಳು ಹಿಡಿದಳು. ಅಪ್ಪ ನಮ್ಮನ್ನು ನೋಡಿದ, ಕುರ್ಚಿ ನೋಡಿದ. ಕೂತ. ಯಾರೋ ಒಳಗಿನಿಂದ ಗ್ಲಾಸು ತಂದಿಟ್ಟರು, ಅದು ಚಹಾ ಆಗಿರಲಿಲ್ಲ.

ಮೀಟಿಂಗಿನ ಹೊಸ ಜಾಗವನ್ನು ಬಸಣ್ಣ ಬಂದು ಹೇಳಿದ. ಅವ್ವ ಗೋಗರೆದಳು. “ನಿನ್ನ ಮೀಟಿಂಗಿಗೇ ಒಂದು ನೆಲಿ ಇಲ್ಲ, ನನಗೇನು ದಾರಿ ತೋರಸ್ತದ?” ಎಂದು ಅಪ್ಪ ನಕ್ಕ. ಮತ್ತೆಂದೂ ಒಪ್ಪಲಿಲ್ಲ. ನಾನು ಹೈಸ್ಕೂಲು ಮುಗಿಸುವ ಮೊದಲೇ ಲಿವರ್ ಹೋಗಿ ಸತ್ತ. ಆ ಮನೆ ಮಾಲೀಕನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಬಂಗಾರದ ಕಾಲವೂ ಮುಗಿಯಿತು. ಟ್ರಾನ್ಸ್‌ಪೋರ್ಟಿನವರು ಎದ್ದುಹೋದರು. ಮೊನ್ನೆ ಆ ಕಡೆ ಹೋದಾಗ ರೂಮಿಗೆ ಬೀಗ, ‘ಬಾಡಿಗೆಗೆ ಇದೆ’ ಎಂಬ ಚೀಟಿ. ಕೇಳುವವರಿಲ್ಲವಂತೆ. ನಮ್ಮ ಓಣಿಯಲ್ಲಿ ಈಗ ಅಷ್ಟು ಲಾರಿಯಿಲ್ಲ, ಧೂಳಿಲ್ಲ. ಅವ್ವ ಹಬ್ಬಕ್ಕೊಮ್ಮೆ ಅಪ್ಪನ ಆ ಅಂಗಿ ಒಗೆದು ಅಂಗಳದಲ್ಲೇ ಹರವುತ್ತಾಳೆ. ಬೆಳ್ಳಗೇ ಒಣಗುತ್ತದೆ. ಮಡಚಿ ಒಳಗಿಡುತ್ತಾಳೆ.