ತಟ್ಟೆಯ ಲೆಕ್ಕಕ್ಕೆ ಸಿಗದವರು

ಎಣಿಕೆಯಕ್ಕ ಬಂದಳೆಂದರೆ ಮಂಡಿಯ ವ್ಯಾಪಾರಿಗಳು ತಕ್ಕಡಿಯಿಂದ ಹೆಬ್ಬೆರಳು ತೆಗೆಯುತ್ತಿದ್ದರು. ಅವಳ ಕಣ್ಣು ಅಂಥದ್ದು. ಮೂಟೆಯನ್ನು ದೂರದಿಂದ ನೋಡಿಯೇ ಅದರೊಳಗೆ ಎಷ್ಟು ಕೊಳೆತಿದೆ ಎಂದು ಹೇಳಿಬಿಡುತ್ತಿದ್ದಳು. ಅದನ್ನು ಕಂಡೇ ಆಹಾರ ಮಂಡಳಿಯವರು ಅವಳನ್ನು ಮಂಡಿಯಿಂದ ಎಬ್ಬಿಸಿಕೊಂಡು ಹೋಗಿ ಆಫೀಸಿನಲ್ಲಿ ಕೂರಿಸಿದ್ದು.

ಮಂಡಳಿ ಮಾಡಹೊರಟದ್ದು ಒಳ್ಳೆಯ ಕೆಲಸವೇ. ಸುತ್ತಲಿನ ಹೊಲಗಳಲ್ಲಿ ಬೆಳೆದದ್ದು ಲಾರಿ ಹತ್ತಿ ಎಲ್ಲೋ ಹೋಗಿ ಕೊಳೆಯುವುದು, ಇಲ್ಲಿನವರು ಎಲ್ಲಿಂದಲೋ ಬಂದ ಬಾಡಿದ ಸೊಪ್ಪಿಗೆ ದುಪ್ಪಟ್ಟು ಕೊಡುವುದು, ಈ ಹುಚ್ಚಾಟ ನಿಲ್ಲಬೇಕು. ಬೆಳೆದವರಿಗೆ ನ್ಯಾಯವಾದ ಬೆಲೆ, ನೆಲಕ್ಕೆ ಸರದಿಯ ಮೇಲೆ ವಿರಾಮ, ಪ್ರತಿ ಮನೆಗೂ ತಲೆಗೊಂದು ಪಾಲು. ನೀತಿಯ ಕರಡು ಚೆನ್ನಾಗಿಯೇ ಇತ್ತು. ತೊಡಕಾದದ್ದು ತಲೆ ಎಣಿಸುವುದರಲ್ಲಿ. ಬಾಗಿಲಲ್ಲಿ ನಿಂತು ಕೇಳಿದರೆ ಸತ್ತ ಅಜ್ಜನೂ ಇನ್ನೂ ಹುಟ್ಟದ ಕೂಸೂ ಲೆಕ್ಕಕ್ಕೆ ಬಂದುಬಿಡುತ್ತಿದ್ದರು.

“ಕೇಳೋದೇ ಬೇಡ ಸಾರ್,” ಎಂದವಳು ಎಣಿಕೆಯಕ್ಕನೇ. “ಊಟದ ಹೊತ್ತಿಗೆ ಹೋಗೋಣ. ತಟ್ಟೆ ಮುಂದೆ ಕೂತವರನ್ನ ಎಣಿಸ್ಕೊಂಡು ಬರೋಣ. ಸತ್ತ ಅಜ್ಜ ಊಟಕ್ಕಂತೂ ಬರಲ್ಲ.”

ಅಧ್ಯಕ್ಷರು ಮೇಜು ತಟ್ಟಿ ನಕ್ಕಿದ್ದರು. ಅದಕ್ಕೆ ತಟ್ಟೆ ಎಣಿಕೆ ಎಂದು ಹೆಸರಾಯಿತು. ಗಿರಣಿಯ ಹಿಂದಿನ ಬೀದಿಯಲ್ಲೂ ಮಂಡಳಿಯ ಸದಸ್ಯರ, ನೌಕರರ ಮನೆಗಳಲ್ಲೂ ಪ್ರಯೋಗಕ್ಕೆಂದು ಆ ಪ್ರಕಾರ ಪಾಲು ಹಂಚಿದರು. ಬೇಸಿಗೆ ಕಳೆಯಿತು. ಅದನ್ನೇ ಇಡೀ ಸೀಮೆಗೆ ಕಾಯಂ ಮಾಡುವ ಸಭೆಯ ಹಿಂದಿನ ದಿನ, ಹೇಗೆ ನಡೆದಿದೆ ನೋಡಿ ಬಾ ಎಂದು ಕಾರ್ಯದರ್ಶಿ ಅವಳನ್ನು ಗಿರಣಿ ಬೀದಿಗೆ ಕಳಿಸಿದರು.

ಮೊದಲ ಮನೆ ಬಸ್ ಡ್ರೈವರನದು. ಅವನೂ ಮಕ್ಕಳೂ ಊಟಕ್ಕೆ ಕೂತಿದ್ದರು. ಮಕ್ಕಳ ಕೆನ್ನೆ ತುಂಬಿಕೊಂಡಿತ್ತು.

“ಒಂದು ಅಗುಳೂ ಪೋಲಾಗಲ್ಲ ಅಕ್ಕ,” ಎಂದ ಡ್ರೈವರ್. “ಲೆಕ್ಕಕ್ಕೆ ಸರಿಯಾಗಿ ಬರುತ್ತೆ, ಲೆಕ್ಕಕ್ಕೆ ಸರಿಯಾಗಿ ಮುಗಿಯುತ್ತೆ.”

“ನಿಮ್ಮ ಹೆಂಡ್ತಿ?”

“ಒಳಗಿದ್ದಾಳೆ.”

“ಕರೀರಿ, ಮಾತಾಡಿಸ್ತೀನಿ.”

“ಇಲ್ಲೇ ಇದ್ಲಲ್ಲ,” ಎಂದು ಅವನು ತುತ್ತು ಅಗಿಯುತ್ತಲೇ ಅತ್ತ ಇತ್ತ ನೋಡಿದ. ದೊಡ್ಡ ಹುಡುಗಿ ಇನ್ನೊಂದು ರೊಟ್ಟಿ ಬೇಕೆಂದು ಕೂಗಿದಳು. ಅಡುಗೆಮನೆಯ ಹೊಸ್ತಿಲ ಮೇಲೆ ಹಬೆಯಾಡುವ ರೊಟ್ಟಿಯ ತಟ್ಟೆ ಬಂದು ಕೂತಿತ್ತು. ಎಣಿಕೆಯಕ್ಕನ ಕಣ್ಣು ಆ ಹೊಸ್ತಿಲ ಮೇಲೇ ಇತ್ತು. ಇಟ್ಟ ಕೈ ಮಾತ್ರ ಕಾಣಲಿಲ್ಲ.

ಅವಳು ಒಳಗೆ ಹೋದಳು. ಒಲೆ ಉರಿಯುತ್ತಿತ್ತು. ನೆಲ ಈಗಷ್ಟೇ ಒರೆಸಿದಂತಿತ್ತು. ಒಲೆಯಿಂದ ಹಿತ್ತಿಲ ಬಾಗಿಲವರೆಗೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಆರುತ್ತಿದ್ದವು. ಅವಳು ನೋಡುತ್ತಿರುವಂತೆಯೇ, ಖಾಲಿ ನೆಲದ ಮೇಲೆ, ಹಿತ್ತಿಲಿನಿಂದ ಒಳಮುಖವಾಗಿ ಹೊಸದೊಂದು ಹೆಜ್ಜೆ ಮೂಡಿತು. ಆಮೇಲೆ ಇನ್ನೊಂದು.

“ಉಪ್ಪು ಸಾಕಾ ಕೇಳಿ ಅಕ್ಕ,” ಎಂದಿತು ಒಂದು ಧ್ವನಿ, ಕಿವಿಯ ಪಕ್ಕದಲ್ಲೇ.

ಅವಳು ಹೇಗೆ ಹೊರಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಪಕ್ಕದ ಮನೆಯಲ್ಲೂ ಅದೇ, ಎದುರು ಮನೆಯಲ್ಲೂ ಅದೇ. ಊಟ ಬಿಸಿಯಾಗಿದೆ, ಬಟ್ಟೆ ಹಗ್ಗದ ಮೇಲಿದೆ, ಕೂಸಿನ ಮೂಗು ಒರೆಸಿದೆ. ಒರೆಸಿದವರಿಲ್ಲ. ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

ಕಾರ್ಯದರ್ಶಿ ಎಲ್ಲ ಕೇಳಿಸಿಕೊಂಡು ನಕ್ಕರು. “ಅಂದ್ರೆ ದೆವ್ವಕ್ಕೂ ಒಂದು ಪಾಲು ಇಡೋಣ ಅಂತೀಯಾ?”

“ದೆವ್ವ ಅಲ್ಲ ಸಾರ್. ನಾವು ಎಣಿಸದೇ ಬಿಟ್ಟವರು.”

“ಬಿಸಿಲಲ್ಲಿ ಸುತ್ತಿದ್ದೀಯ. ಮನೆಗೆ ಹೋಗಿ ಮಲಕ್ಕೋ. ನಾಳೆ ಸಭೇಲಿ ಇದನ್ನೆಲ್ಲಾ ಎತ್ತಬೇಡ ಮಾರಾಯ್ತಿ.”

ಮನೆಗೆ ಬಂದಾಗ ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದ, ಮಗಳು ಓದುತ್ತಿದ್ದಳು. ಮೇಜಿನ ಮೇಲೆ ಟೀ ಮುಚ್ಚಿಟ್ಟಿತ್ತು. ಎಣಿಕೆಯಕ್ಕ ಲೋಟ ಎತ್ತಿದವಳು ಹಾಗೇ ನಿಂತಳು. ಬೆಳಿಗ್ಗೆ ಡಬ್ಬಿ ಕಟ್ಟಿರುತ್ತದೆ, ಸಂಜೆ ಟೀ ಕಾದಿರುತ್ತದೆ. ಅತ್ತೆಯ ಮುಖ ನೋಡಿದ್ದು ಯಾವಾಗ? ಈ ಮನೆಯ ತಟ್ಟೆಗಳನ್ನು ಎಣಿಸಿದವಳೂ ಅವಳೇ. ಮೂರು ಎಂದು ಬರೆಸಿದ್ದಳು.

“ಅತ್ತೆ?”

“ಹೂಂ, ಹೇಳೇ.” ಧ್ವನಿ ಒಲೆಯ ಹತ್ತಿರದಿಂದ ಬಂತು. ಅಲ್ಲಿ ಯಾರೂ ಇರಲಿಲ್ಲ.

“ಎಲ್ಲಿದ್ದೀರಿ?”

“ಕಣ್ಣನ್ನ ಆಫೀಸಲ್ಲೇ ಬಿಟ್ಟು ಬಂದ್ಯಾ? ನಿನ್ನ ಮುಂದೇನೇ ಇದ್ದೀನಿ.”

ಮಣೆಯ ಮೇಲಿನ ಈರುಳ್ಳಿ ಅರ್ಧ ಹೆಚ್ಚಿತ್ತು. ಅವಳು ರೆಪ್ಪೆ ಬಡಿಯುವಷ್ಟರಲ್ಲಿ ಪೂರ್ತಿ ಹೆಚ್ಚಿ ಮುಗಿದಿತ್ತು.

“ಹೊಟ್ಟೆಗೆ ಸರಿಯಾಗಿ ತಿಂತಿದ್ದೀರಾ?”

“ಮೂರು ಜನದ ಪಾಲಲ್ಲಿ ನಾಲ್ಕನೇ ತಟ್ಟೆ ಎಲ್ಲಿಂದ ತರ್ಲಿ? ತಳದಲ್ಲಿ ಉಳಿದದ್ದು ಕೆರ್ಕೊಳ್ತೀನಿ. ಮೊದಮೊದಲು ತಲೆ ಸುತ್ತೋದು. ಈಗ ಏನೂ ಅನ್ಸಲ್ಲ ಕಣೇ. ಮಂಡಿನೋವೂ ಹೋಯ್ತು. ಮಂಡಿ ಇದ್ಯೋ ಇಲ್ವೋ, ಅದೂ ಗೊತ್ತಿಲ್ಲ,” ಎಂದು ಗಾಳಿ ನಕ್ಕಿತು.

“ಯಾಕೆ ಹೇಳ್ಲಿಲ್ಲ ನಂಗೆ?”

“ಹೇಳ್ದೆ. ನೀನು, ‘ಡಬ್ಬಿ ಕಟ್ಟಿದ್ದೀರಾ’ ಅಂದೆ.”

ನಾಳೆ ಸಭೆಯಲ್ಲಿ ಒಪ್ಪಿಗೆಯಾದರೆ ಸೀಮೆಯ ಒಂದೊಂದು ಮನೆಯಲ್ಲೂ ಒಬ್ಬೊಬ್ಬರು ಹೀಗೆಯೇ ಕರಗುತ್ತಾರೆ. ಅತ್ತೆಯ ಧ್ವನಿಯೂ ಎಷ್ಟು ದಿನ ಉಳಿದೀತು? ಎಣಿಕೆಯಕ್ಕ ಸೆರಗು ಸಿಕ್ಕಿಸಿದಳು. “ನಾಳೆ ಬೆಳಿಗ್ಗೆ ಒಲೆ ಮುಂದೆ ನಾನು ನಿಲ್ತೀನಿ. ನನ್ನ ತಟ್ಟೆ ಮುಂದೆ ನೀವು ಕೂತ್ಕೊಳ್ಳಿ.”

ಬೆಳಿಗ್ಗೆ ಅವಳು ರೊಟ್ಟಿ ಬಡಿದಳು. ಮೂರನೆಯ ಕುರ್ಚಿ ಕಿರ್ರೆಂದಿತು. ರೊಟ್ಟಿಯ ಅಂಚು ತಾನಾಗಿ ಮುರಿಯಿತು. ಎರಡು ತುತ್ತಾದ ಮೇಲೆ ಸುಟ್ಟ ಕಲೆಯಿದ್ದ ಹೆಬ್ಬೆರಳೊಂದು ಕಂಡಿತು, ಆಮೇಲೆ ಮಣಿಕಟ್ಟು, ಆಮೇಲೆ ಕೆದರಿದ ಬಿಳಿಗೂದಲು. ಗಂಡನ ಬಾಯಿಂದ ತುತ್ತು ಜಾರಿತು.

“ಅಮ್ಮ! ಎಲ್ಲಿಗೆ ಹೋಗಿದ್ದೆ ಇಷ್ಟು ದಿನ?”

“ಎಲ್ಲಿಗೆ ಹೋಗ್ಲೋ, ನಿನ್ನ ಶರ್ಟಿನ ಕಾಲರ್ ಉಜ್ತಾ ಇದ್ದೆ.”

ಎಣಿಕೆಯಕ್ಕ ಬಾಗಿಲಿಗೆ ಬಂದಳು. “ಇನ್ನೊಂದು ರೊಟ್ಟಿ ಹಾಕ್ಲಾ?”

“ಹಾಕಮ್ಮ,” ಎಂದು ಮಗಳು ತಟ್ಟೆ ಚಾಚಿದಳು. ತಲೆಯೆತ್ತಿ ಅವಳನ್ನು ಹಾದು ಗೋಡೆಯನ್ನು ನೋಡಿದಳು. “ಅಪ್ಪ, ಅಮ್ಮ ಎಲ್ಲಿ?”

ಎಣಿಕೆಯಕ್ಕ ತನ್ನ ಕೈ ನೋಡಿಕೊಂಡಳು. ಹಿಟ್ಟು ಕಾಣುತ್ತಿತ್ತು. ಕೈ ಕಾಣುತ್ತಿರಲಿಲ್ಲ.

ಅತ್ತೆಯೊಬ್ಬರೇ ನೇರವಾಗಿ ಅವಳ ಕಣ್ಣನ್ನೇ ನೋಡುತ್ತಿದ್ದರು. ಕೈ ತೊಳೆದು ಎದ್ದರು. “ನಡಿಯೇ. ನಿನ್ನ ಆಫೀಸು ಎಲ್ಲಿ ತೋರ್ಸು.”

ಸಭೆ ಆಗಲೇ ಶುರುವಾಗಿತ್ತು. “ಎಣಿಕೆಯಕ್ಕ ರಜಾನಾ?” ಎಂದು ಅಧ್ಯಕ್ಷರು ಕೇಳುತ್ತಿದ್ದರು. “ಸಾರ್, ನನ್ನ ಎಣಿಕೆ ತಪ್ಪು!” ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಮನೆಯಲ್ಲಿ ಕೇಳಿಸಿದ ಧ್ವನಿ ಇಲ್ಲಿ ಬರೀ ಗಾಳಿಯಾಯಿತು. ಗಾಳಿ ಜಾಸ್ತಿ, ಕಿಟಕಿ ಹಾಕಿ ಎಂದರು ಕಾರ್ಯದರ್ಶಿ. ಅತ್ತೆ ಹೋಗಿ ಸೊಸೆಯ ಕುರ್ಚಿಯಲ್ಲಿ ಕೂತರು.

“ಯಾರಮ್ಮ ನೀವು?” ಎಂದರು ಅಧ್ಯಕ್ಷರು.

“ಅಡುಗೆ ಮಾಡೋಳು.”

“ಊಟಕ್ಕೆ ಇನ್ನೂ ಹೊತ್ತಿದೆ.”

“ಊಟದ ವಿಷಯಕ್ಕೇ ಬಂದಿದ್ದೀನಿ ಸ್ವಾಮಿ. ಇವತ್ತು ಬೆಳಿಗ್ಗೆ ನಿಮ್ಮ ಮನೇಲಿ ಅಡುಗೆ ಮಾಡಿದ್ಯಾರು?”

“ನನ್ನ ಹೆಂಡ್ತಿ. ಇನ್ಯಾರು?”

“ಮುಖ ಹೇಗಿತ್ತು?”

ಅಧ್ಯಕ್ಷರು ಬಾಯಿ ತೆರೆದರು. ಅವರ ಕಣ್ಣು ಏನನ್ನೋ ಹುಡುಕಿ ಹೋಯಿತು, ಬರಿಗೈಯಲ್ಲಿ ಬಂತು. ಕಾರ್ಯದರ್ಶಿಯೂ ಮಿಕ್ಕ ಸದಸ್ಯರೂ ಮೇಜು ನೋಡತೊಡಗಿದರು.

“ಮನೆಗೊಂದು ಪಾಲು ಜಾಸ್ತಿ ಅಂದ್ರೆ,” ಎಂದು ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು, “ಹೊಲಗಳಿಗೆ ವಿರಾಮ ಕೊಡೋಕೆ ಆಗಲ್ಲ.”

“ಹೊಲಕ್ಕೆ ಕೊಡ್ತಾ ಇರೋದು ಒಳ್ಳೇದೇ, ಕೊಡಿ. ಹೊಲದಿಂದ ಯಾಕೆ ತೆಗೀತೀರಿ? ನಿಮ್ಮ ನಿಮ್ಮ ತಟ್ಟೆಯಿಂದ ಒಂದೊಂದು ಹಿಡಿ ತೆಗೀರಿ. ಎಣಿಸೋದನ್ನ ಒಲೆಯಿಂದ ಶುರು ಮಾಡಿ. ಹೀಗೆ.” ಅತ್ತೆ ಎದ್ದು, ಪಕ್ಕದ ಖಾಲಿ ಜಾಗಕ್ಕೆ ಬೆರಳು ತೋರಿಸಿದರು. “ಒಂದು.”

ಅಲ್ಲಿ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಎಣಿಕೆಯಕ್ಕ ನಿಂತಿದ್ದಳು. ಕಾರ್ಯದರ್ಶಿಯ ಕೈಯಿಂದ ನೀರಿನ ಲೋಟ ಬಿತ್ತು.

ಯಾರೂ ಚರ್ಚೆ ಮಾಡಲಿಲ್ಲ. ನೀತಿಯ ಕರಡಿನಲ್ಲಿ ಎಣಿಕೆ ಒಲೆಯಿಂದ ಆರಂಭವಾಗತಕ್ಕದ್ದು ಎಂಬ ಸಾಲು ಸೇರಿತು.

ಮರುದಿನದಿಂದ ಅವಳು ಮನೆ ಮನೆಯ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ನಿಂತು, “ಒಂದು” ಎನ್ನುತ್ತಿದ್ದಳು. ಗಿರಣಿ ಬೀದಿಯಲ್ಲಿ ಡ್ರೈವರನ ಹೆಂಡತಿ ಹಬೆಯೊಳಗಿಂದ ಕೆಮ್ಮುತ್ತಾ ಮೂಡಿ, “ಈಗ ಬಂದ್ಯಾ ತಾಯಿ?” ಎಂದಳು. ಎದುರು ಮನೆಯಲ್ಲಿ ಬರೀ ಎರಡು ಕೈ ಬಂದವು, ಉಳಿದದ್ದಕ್ಕೆ ವಾರ ಹಿಡಿಯಿತು.

ಅಧ್ಯಕ್ಷರ ಮನೆಯಲ್ಲಿ “ಒಂದು” ಎಂದು ಕಾದಳು. ಏನೂ ಮೂಡಲಿಲ್ಲ. ಮತ್ತೆ ಅಂದಳು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಸೌಟು ಅದರೊಳಗೆ ಅಲುಗಾಡದೆ ನಿಂತಿತ್ತು. ನೆಲ ಪೂರ್ತಿ ಒಣಗಿತ್ತು.

“ಬಂದ್ಲಾ?” ಎಂದರು ಅಧ್ಯಕ್ಷರು, ಹೊಸ್ತಿಲಾಚೆಯಿಂದ.

“ಇಲ್ಲ. ಪಾಲು ಬರೆದಿದ್ದೀನಿ. ಬರೋವರೆಗೂ ಒಲೆ ಮುಂದೆ ನೀವೇ ನಿಲ್ಲಬೇಕು ಸಾರ್.”

“ನಾನಾ?”

“ಹೆದರ್ಬೇಡಿ. ಮೊದಲು ನಿಮ್ಮನ್ನೇ ಎಣಿಸ್ತೀವಿ.”

ಅವರು ಒಂದು ಕಾಲು ಎತ್ತಿದರು. “ಎಣಿಸೋರು ಮರೆತ್ರೆ?” ಎಂದರು, ಮಗುವಿನ ಧ್ವನಿಯಲ್ಲಿ.

ಎಣಿಕೆಯಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬೇಳೆ ತಳ ಹಿಡಿಯುವ ವಾಸನೆ ಮನೆಯೆಲ್ಲ ತುಂಬಿತು. ಅವರು ಕಾಲನ್ನು ಒಳಗೆ ಊರಲೂ ಇಲ್ಲ, ಹಿಂದಕ್ಕೆ ತೆಗೆಯಲೂ ಇಲ್ಲ.